ಮೆಟ್ಟಿಲ ತಿರುವಿನಲ್ಲಿ ಫಿಲೊಮಿನಾ

"ಸತ್ತೋಳ ಜೊತೆಗೆ ಬಾಡಿಗೆ ಕರಾರೂ ಸತ್ತೋಯ್ತು ಕಣಮ್ಮ. ಇಷ್ಟು ದಿನ ನೀನಿಲ್ಲಿ ಇದ್ದದ್ದು ನಿಮ್ಮವ್ವನ ಗಂಟುಮೂಟೆ ಲೆಕ್ಕದಲ್ಲಿ. ನಾಳೆ ಮಣ್ಣಾಗ್ತಿದ್ದಂಗೆ ಮನೆ ಖಾಲಿಯಾಗಿರ್ಬೇಕು."

ಇದನ್ನು ಹೇಳುವಾಗ ಮನೆ ಮಾಲೀಕ ಟೂಮಿಯ ಬಾಯಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್ ಇತ್ತು. ಅದು ಪಕ್ಕದ ಕೋಣೆಯವಳಾದ ನಾನು ಮಾಡಿಟ್ಟದ್ದು. ಫಿಲೊಮಿನಾಳ ಹೆಣದ ಪೆಟ್ಟಿಗೆ ಅವನಿಂದ ಒಂದು ಮೊಳ ದೂರದಲ್ಲಿ, ಕಿಟಕಿಯ ಕೆಳಗೆ, ಮುಚ್ಚಳ ತೆಗೆದೇ ಇತ್ತು. ಬಂದವನೇ ಪೆಟ್ಟಿಗೆಯ ಪಕ್ಕ ಮೊಣಕಾಲೂರಿ ಶಿಲುಬೆಯ ಗುರುತು ಹಾಕಿಕೊಂಡ. ಆಮೇಲೆ ಫಿಲೊಮಿನಾಳ ಮಗಳು ಬರ್ನಿಯ ಕೈ ಹಿಡಿದು ನಿನ್ನ ನೋವಿನಲ್ಲಿ ನಾನೂ ಇದ್ದೇನೆ ಎಂದ. ಆಮೇಲೆ ತಿಂದ. ಆಮೇಲೆ ಮನೆ ಕೇಳಿದ. ಕ್ರಮ ಎಲ್ಲಿಯೂ ತಪ್ಪಲಿಲ್ಲ. ಸಂಸ್ಕಾರವಂತರೆಂದರೆ ಹೀಗಿರಬೇಕು.

ಡಬ್ಲಿನ್ನಿನ ನಮ್ಮ ಓಣಿಯಲ್ಲಿ ಹೆಣ ಮನೆಯಲ್ಲಿರುವಾಗ ಬಾಗಿಲು ಹಾಕುವ ಪದ್ಧತಿಯಿಲ್ಲ. ಬಂದವನು ಕಳ್ಳನಾದರೂ ಸರಿ, ಕೂರಿಸಿ ಟೀ ಕೊಡಬೇಕು. ಟೂಮಿಗೂ ಕೊಟ್ಟೆ. ಇನ್ನೊಂದು ಚಮಚ ಸಕ್ಕರೆ ಕೇಳಿದ, ಹಾಕಿದೆ. ದೇವರು ಬಿಸಿಲನ್ನು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಒಂದೇ ಸಮ ಸುರಿಸುತ್ತಾನಂತೆ. ನಾನು ಸಕ್ಕರೆಯನ್ನಾದರೂ ಸುರಿಸಬೇಡವೇ?

ಬರ್ನಿ ಹುಟ್ಟಿದ್ದು ಅದೇ ಕೋಣೆಯಲ್ಲಿ. ಕೋಳಿ ಕೂಗುವ ಹೊತ್ತಿಗೆ ಎದ್ದು ಆಸ್ಪತ್ರೆಯ ನೆಲ ಒರೆಸಲು ಹೋಗಿ, ಬಂದು, ಹಾಸಿಗೆ ಹಿಡಿದ ತಾಯಿಯ ಮೈ ಒರೆಸಿ, ಗೋಡೆಯ ಬೂಷ್ಟು ಒರೆಸಿ ಅವಳ ಕೈಯೆಲ್ಲ ಒಡೆದುಹೋಗಿತ್ತು. ಆ ಕೈಯಿಂದಲೇ ತಾಯಿಯ ಅಂಗಿಯ ತೋಳಿನ ಮಡಿಕೆ ಸರಿಮಾಡಿದಳು.

ಹೊರಡುವಾಗ ಟೂಮಿ ಬಾಗಿಲಲ್ಲಿ ನಿಂತು, ನಾಳೆ ಮಣ್ಣಿಗೆ ನೀವೆಲ್ಲರೂ ಹೋಗುತ್ತೀರಲ್ಲವೇ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಪೂಜೆಯ ಹೊತ್ತು ಚರ್ಚಿನ ಬಾಗಿಲಲ್ಲೇ ಬರೆದಿತ್ತು, ಅದು ಅವನಿಗೆ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಖಾಲಿ ಮನೆ.

ಪೆಟ್ಟಿಗೆ ಹೊಸಿಲು ದಾಟಿತೆಂದರೆ ಇಡೀ ಕಟ್ಟಡವೇ ಅದರ ಹಿಂದೆ ಹೋಗುತ್ತದೆ. ನೆರೆಯವರ ಹೆಣದ ಹಿಂದೆ ನಡೆಯದೆ ಉಳಿದವನ ಮುಖವನ್ನು ಆಮೇಲೆ ಯಾರೂ ನೋಡುವುದಿಲ್ಲ. ಇದು ನಮಗೆ ಗೊತ್ತಿದ್ದಷ್ಟೇ ಟೂಮಿಗೂ ಗೊತ್ತು. ಕೆಳಮನೆಯ ಡೆಕ್ಲನ್ ಮುದುಕ ಹೆಂಡತಿಯನ್ನು ಮಣ್ಣುಮಾಡಿ ಬಂದಾಗ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು, ಅವನ ಹಾಸಿಗೆ ಹೊರಗೆ ಗೋಡೆಗೆ ಒರಗಿತ್ತು. ಕಾವಲಿಗೆಂದು ಡೆಕ್ಲನ್ ತನ್ನ ತಮ್ಮನನ್ನು ಒಳಗೆ ಕೂರಿಸಿದ್ದ. ಟೂಮಿ ಪೊಲೀಸರನ್ನು ಕರೆಸಿ, ಇವನು ಈ ಮನೆಯವನೇ ಅಲ್ಲ ಎಂದು ಅವನನ್ನೂ ಎಬ್ಬಿಸಿದ. ಡೆಕ್ಲನ್ ಕೊಟ್ಟ ದೂರಿನ ವಿಚಾರಣೆ ಇನ್ನೂ ನಡೆಯುತ್ತಿದೆಯಂತೆ. ಡೆಕ್ಲನ್ ಕಳೆದ ಈಸ್ಟರ್ ಹಬ್ಬದಲ್ಲಿ ನಿರಾಶ್ರಿತರ ಆಶ್ರಮದ ಮಂಚದ ಮೇಲೆ ತೀರಿಕೊಂಡ.

ಸಂಜೆ ಜಪ ಮುಗಿದ ಮೇಲೆ ನಾವು ಕೆಲವರೇ ಉಳಿದೆವು. ಬಾಡಿಗೆದಾರರ ಸಂಘದ ಹೆಂಗಸೊಬ್ಬಳು ಹೇಳಿದ್ದನ್ನು ಬರ್ನಿ ಮೆಲ್ಲಗೆ ಹೇಳಿದಳು. ಜೊತೆಯಲ್ಲಿ ಬಾಳಿದ ಮಗಳಿಗೆ ಮನೆ ಉಳಿಯುತ್ತದೆ, ಕಾನೂನೇ ಇದೆ. ಆದರೆ ಕಾನೂನಿನ ಕಾಲು ಕುಂಟು. ಅದು ಬಂದು ಮುಟ್ಟುವ ತನಕ ನೀನು ಒಳಗೇ ಇರಬೇಕು, ಹೊರಗೆ ಬಿದ್ದೆಯೋ ಬಿದ್ದೆ.

ಕ್ರಿಸ್ಟಿ ಮೇಲಿನ ಕೋಣೆಯವನು, ಕಸದ ಗಾಡಿಯಲ್ಲಿ ಕೆಲಸ. ಅವನ ಬಾಯಿಯೂ ಹಾಗೆಯೇ. "ಆ ಬೋಳಿಮಗ ಬರ್ಲಿ. ನಾನಿರ್ತೀನಿ ಇಲ್ಲಿ. ಮೆಟ್ಟಿಲ ಮೇಲಿಂದ ಉಳ್ಳಾಡಿಸಿಬಿಡ್ತೀನಿ."

"ಉಳ್ಳಾಡಿಸು. ಪೊಲೀಸ್ರು ನಿನ್ನ ಎಳ್ಕೊಂಡೋಗ್ಲಿ, ಅವನು ಬೀಗ ಜಡೀಲಿ," ಎಂದಳು ಬರ್ನಿ. "ಡೆಕ್ಲನ್ ತಮ್ಮಂಗಾದದ್ದು ಮರ್ತೋಯ್ತಾ? ಮನೆ ಯಾರ್ದೋ ಅವರೇ ಇರ್ಬೇಕು ಕಣಣ್ಣ."

"ಹಂಗಾದ್ರೆ ಅವ್ವನ ಮಣ್ಣಿಗೆ ಬರಲ್ವಾ ನೀನು?"

ಅವಳು ಮೇಣದ ಬತ್ತಿಯ ಕುಡಿ ಕತ್ತರಿಸುತ್ತ ಕುಳಿತಳು.

ಫಾದರ್ ಗಿಲ್ಸನನ್ ಬಂದಾಗ ಟೂಮಿಗೆ ಒಂದು ಮಾತು ಹೇಳಿ ಎಂದು ಕೇಳಿಕೊಂಡೆ. ಫಾದರ್ ಒಳ್ಳೆಯವರು. ಟೂಮಿ ಚರ್ಚಿಗೆ ದಾನ ಕೊಟ್ಟ, ಚಳಿ ಓಡಿಸುವ ಬಿಸಿನೀರಿನ ಕೊಳವೆಗಳ ಪಕ್ಕದಲ್ಲಿ ನಿಂತು, ಬೆಚ್ಚಗೆ, ಬಡತನದ ಮಹಿಮೆಯನ್ನು ಬೋಧಿಸುವಷ್ಟು ಒಳ್ಳೆಯವರು. ದುಃಖದ ಹೊತ್ತಿನಲ್ಲಿ ಲೋಕದ ವ್ಯವಹಾರ ಬೇಡ ಎಂದರು. ತಾಯಿಯ ಸಮಾಧಿಗೆ ಬಾರದ ಮಗಳನ್ನು ಜನ ಏನೆಂದಾರು, ಅದನ್ನು ಯೋಚಿಸು ಎಂದು ಬರ್ನಿಗೇ ಬುದ್ಧಿ ಹೇಳಿದರು. ಅವರಿಗೂ ಟೀ ಕೊಟ್ಟೆ.

ಬೆಳಿಗ್ಗೆ ಮುಚ್ಚಳ ಬಿಗಿದರು. ನಮ್ಮದು ಹಳೇ ಸಿರಿವಂತರು ಕಟ್ಟಿಸಿದ ಮನೆ. ಕೆಳಗಿನ ಮೆಟ್ಟಿಲು ಅವರಿಗಾಗಿ, ಕುದುರೆ ಗಾಡಿ ಹೋಗುವಷ್ಟು ಅಗಲ. ಮೇಲಿನವು ಆಳುಗಳಿಗಾಗಿ, ಒಬ್ಬ ಇಳಿದರೆ ಇನ್ನೊಬ್ಬ ಗೋಡೆಗೆ ಅಂಟಿಕೊಳ್ಳಬೇಕು. ನಾವಿರುವುದು ಆಳುಗಳ ಮಹಡಿಯಲ್ಲಿ. ಕ್ರಿಸ್ಟಿ ಮತ್ತು ಓಣಿಯ ಗಂಡಸರು ಪೆಟ್ಟಿಗೆಯನ್ನು ಓರೆಮಾಡಿ, ಉಸಿರು ಹಿಡಿದು, ತಿರುವು ದಾಟಿಸಿದರು.

ಬರ್ನಿ ತನ್ನ ಹೊಸಿಲಲ್ಲೇ ನಿಂತಳು. ಅದಕ್ಕೂ ಮೊದಲು ಬಗ್ಗಿ ಪೆಟ್ಟಿಗೆಯ ಮರಕ್ಕೆ ಮುತ್ತಿಟ್ಟು, "ಹೋಗ್ಬಾರವ್ವ, ನಾನು ಬರಾಕಾಗಲ್ಲ," ಎಂದಿದ್ದಳು. ಕೆಳಗಿನ ಹೆಂಗಸರಲ್ಲಿ ಗುಜುಗುಜು ಎದ್ದಿತು. ಹೆತ್ತವಳ ಹೆಣವನ್ನೂ ಒಂಟಿ ಕಳಿಸಿದಳಲ್ಲ ಎಂದು ಒಬ್ಬಳು ಅಂದದ್ದು ಮೇಲಿನವರೆಗೂ ಕೇಳಿಸಿತು. ಬರ್ನಿ ನನ್ನ ಬೆನ್ನಿಗೆ ಕೈಯಿಟ್ಟು ನೂಕಿದಳು.

"ನೀನು ಹೋಗಕ್ಕ. ಒಂದಿಡಿ ಮಣ್ಣು ನನ್ನ ಹೆಸ್ರಲ್ಲಾಕು."

ಬೀದಿಯ ಆಚೆ ಬದಿಯಲ್ಲಿ ಟೂಮಿ ಕಪ್ಪು ಟೈ ಕಟ್ಟಿ, ಹ್ಯಾಟು ಎದೆಗೆ ಹಿಡಿದು ನಿಂತಿದ್ದ. ಪೆಟ್ಟಿಗೆ ಕಂಡೊಡನೆ ತಲೆ ಬಾಗಿಸಿದ. ಚರ್ಚಿನ ಗಂಟೆ ಹೊಡೆಯತೊಡಗಿತು. ಹೆಣದ ಗಾಡಿಯ ಬಾಗಿಲು ತೆರೆದರು. ನಾನು ಯಾಕೋ ತಿರುಗಿ ನೋಡಿದೆ. ಟೂಮಿ ನಮ್ಮ ಬೆನ್ನ ಹಿಂದಿನಿಂದಲೇ ಬೀದಿ ದಾಟಿ ಮನೆಯೊಳಗೆ ನುಗ್ಗುತ್ತಿದ್ದ, ಹಿಂದೆ ಸಲಕರಣೆ ಪೆಟ್ಟಿಗೆ ಹಿಡಿದ ಬೀಗದವನು. ನಾವು ಮೂಲೆ ತಿರುಗುವ ತನಕ ಕಾಯುವ ತಾಳ್ಮೆಯೂ ಅವನಿಗಿರಲಿಲ್ಲ.

ಕ್ರಿಸ್ಟಿಯ ತೋಳು ಮುಟ್ಟಿ ಬಾಗಿಲ ಕಡೆ ಕಣ್ಣು ತೋರಿಸಿದೆ.

"ತಿರುಗ್ರೋ," ಎಂದ ಕ್ರಿಸ್ಟಿ.

ಹೊತ್ತವರಿಗೆ ಅರ್ಥವಾಗಲಿಲ್ಲ. ಹೊಸಿಲು ದಾಟಿದ ಹೆಣ ತಿರುಗಿ ಮನೆಗೆ ಬಂದದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಬಂದರೆ ಇನ್ನೊಂದು ಹೆಣ ಬೀಳುತ್ತದೆ ಎನ್ನುತ್ತಾರೆ. ಫಾದರ್ ಓಡಿಬಂದು, ಗಂಟೆ ಹೊಡೆಯುತ್ತಿದೆ, ಇದೆಂಥ ಹುಚ್ಚು ಎಂದರು.

"ಹೊಡೀಲಿ ಬಿಡಿ ಫಾದರ್. ತಿರುಗ್ರೋ ಅಂದ್ನಲ್ಲ, ಮುಂಡೇವಾ."

ತಿರುಗಿದರು. ಅಗಲದ ಮೆಟ್ಟಿಲು ಹತ್ತುವಾಗಲೇ ಮೇಲಿನ ಮಾತು ಕೇಳಿಸುತ್ತಿತ್ತು. ಬರ್ನಿ ಹೊಸಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದಳು. ಟೂಮಿ ಅವಳ ಮುಂದೆ ನಿಂತು, "ಹೆತ್ತೋಳ ಹೆಣ ಬೀದಿಗೆ ಬಿಟ್ಟು ನಾಯಿ ಹಂಗೆ ಬಾಗ್ಲು ಕಾಯ್ತಿದೀಯಲ್ಲ, ಥೂ, ನಿನ್ನ ಜನ್ಮಕ್ಕಷ್ಟು," ಎನ್ನುತ್ತಿದ್ದ. ಕಾಲಿನ ಸದ್ದಿಗೆ ತಿರುಗಿದ. ತಿರುವಿನಲ್ಲಿ ಮೊದಲು ಪೆಟ್ಟಿಗೆಯ ಹಿತ್ತಾಳೆ ಹಿಡಿ ಕಂಡಿತು, ಆಮೇಲೆ ಕ್ರಿಸ್ಟಿಯ ಬೆವರಿದ ಮುಖ. ಮೇಲೆ ಮಗಳು, ಕೆಳಗೆ ತಾಯಿ, ನಡುವೆ ಮಾಲೀಕ.

ಬೀಗದವನು ಟೋಪಿ ತೆಗೆದ. "ನಂಗೇನೂ ಗೊತ್ತಿರ್ಲಿಲ್ಲ ಕಣಮ್ಮ, ಖಾಲಿ ಮನೆ ಅಂದಿದ್ರು," ಎಂದು ಬರ್ನಿಗೆ ಹೇಳಿ, ಪೆಟ್ಟಿಗೆಯ ಕೆಳಗೆ ಬಗ್ಗಿ, ನುಸುಳಿ, ಇಳಿದುಹೋದ.

"ದಾರಿ ಬಿಡ್ರೋ," ಎಂದ ಟೂಮಿ.

"ದಾರಿ ಅದೇ ಅಲ್ವಾ? ಬಗ್ಗು," ಎಂದ ಕ್ರಿಸ್ಟಿ.

ಟೂಮಿ ಬಗ್ಗಲಿಲ್ಲ. ಸತ್ತವರಿಗೆ ಅಪಚಾರವಾಗುತ್ತಿದೆ, ಪಾಪ ಸುತ್ತಿಕೊಳ್ಳುತ್ತದೆ, ಫಾದರ್ ಕಾಯುತ್ತಿದ್ದಾರೆ ಎಂದೆಲ್ಲ ಅಂದ. ಧರ್ಮ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬರ್ನಿ ಕುರ್ಚಿಯಿಂದ ಎದ್ದಳು.

"ಅವ್ವನ ಪೆಟ್ಟಿಗೆ ಮೇಲೆ ಕೈಯಿಟ್ಟು ಹೇಳು, ಈ ಬಾಗ್ಲು ಮುಟ್ಟಲ್ಲ ಅಂತ. ಇಷ್ಟು ಜನ ಕೇಳ್ಲಿ. ಹೇಳಿದ್ರೆ ನಾನೂ ಅವರ ಜೊತೆ ಹೊರಟೆ."

ಟೂಮಿಯ ಕೈ ಜೇಬಿನಲ್ಲೇ ಇತ್ತು. ಕೆಳಗೆ ಫಾದರ್ ಯಾರನ್ನೋ ಗದರುತ್ತಿದ್ದರು. ಹೊತ್ತವರು ಹೆಗಲು ಬದಲಿಸಿದರು. ನಾವು ಹೆಂಗಸರು ಕೆಳಗಿನ ಮೆಟ್ಟಿಲುಗಳ ಮೇಲೆ ಒಬ್ಬೊಬ್ಬರಾಗಿ ಕುಳಿತೆವು; ಬರ್ನಿಯನ್ನು ಆಡಿಕೊಂಡವಳೂ ಬಂದು ನನ್ನ ಪಕ್ಕ ಕುಳಿತಳು. ಗಂಟೆ ನಿಂತಿತು.

"ಹೊತ್ತಾಯ್ತು," ಎಂದ ಟೂಮಿ.

"ನಮ್ಮವ್ವನಿಗೇನೂ ಅವಸರ ಇಲ್ಲ," ಎಂದಳು ಬರ್ನಿ.