ಗುಜರಿಗೆ ಹೋದ ಒಂದನೇ ನಂಬರ್ ಲಾರಿ

ಹೊಸ ಲಾರಿ ಬಂದ ದಿನ ಕಸದ ಡಿಪೋದಲ್ಲಿ ಮೂರು ಗಂಟೆ ಭಾಷಣ ನಡೆಯಿತು. ಭಾಷಣ ಮುಗಿದ ಮೇಲೆ ಬಿದ್ದಿದ್ದ ನೀರಿನ ಬಾಟಲಿ ಆರಿಸಿದವಳು ಗಾಡಿ ಅಕ್ಕ. ಹದಿನೆಂಟು ವರ್ಷದಿಂದ ಹನ್ನೊಂದು ಓಣಿಗಳ ಕಸವನ್ನು ತಳ್ಳುಗಾಡಿಯಲ್ಲಿ ದೊಡ್ಡ ರಸ್ತೆಗೆ ತರುತ್ತಿದ್ದವಳು. ಗಾಡಿಯ ಚಕ್ರ ಸೊಟ್ಟ, ಸದಾ ಎಡಕ್ಕೆ ಎಳೆಯುತ್ತಿತ್ತು. ಎಡಗೈ ಸ್ವಲ್ಪ ಎತ್ತಿ ಹಿಡಿದು ತಳ್ಳಿದರೆ ಮಾತು ಕೇಳುತ್ತಿತ್ತು.

ಡಿಪೋದ ಮೇಲಧಿಕಾರಿಗೆ ಕಸ ಕಂಡರೆ ಆಗದು, ಕಸದ ಬಗ್ಗೆ ಮಾತಾಡುವುದೆಂದರೆ ಪ್ರಾಣ. ಉಸಿರಿಗೊಮ್ಮೆ 'ಇಡೀ ದೇಶಕ್ಕೇ ಮಾದರಿ' ಎನ್ನುತ್ತಿದ್ದುದರಿಂದ ಮಾದರಿ ಸಾಹೇಬ ಎಂಬ ಹೆಸರು ಅಂಟಿಕೊಂಡಿತ್ತು. ಅವನು ತರಿಸಿದ ಲಾರಿ ತಾನೇ ಡಬ್ಬ ಎತ್ತುತ್ತಿತ್ತು, ತಾನೇ ಕಸ ಅದುಮುತ್ತಿತ್ತು. ಓಣಿಯೊಳಗೆ ಮಾತ್ರ ಹೋಗುತ್ತಿರಲಿಲ್ಲ. ಮೂಗಿಗಿಂತ ಮೂಗುತಿ ಭಾರ. ಲಾರಿಯನ್ನು ಅಳೆದಿದ್ದರು, ಡಿಪೋದ ಗೇಟನ್ನು ಅಳೆದಿದ್ದರು. ಓಣಿ ಅಳೆಯಬೇಕಾದರೆ ಒಳಗೆ ಕಾಲಿಡಬೇಕು, ಅಲ್ಲಿ ಕಸವಿತ್ತು.

ಲಾರಿ ಎಲ್ಲೆಲ್ಲಿ ಓಡಾಡಿತೆಂದು ಹೇಳಲು ಅದರಲ್ಲೊಂದು ಜಿಪಿಎಸ್ ಡಬ್ಬಿ ಇತ್ತು. ಅದು ಹಾದುಹೋದ ಓಣಿ ಆಫೀಸಿನ ಗೋಡೆಯಗಲದ ಪರದೆಯಲ್ಲಿ ಹಸಿರಾಗಬೇಕು. ಮೊದಲ ವಾರ ಹನ್ನೊಂದು ಓಣಿಯೂ ಕೆಂಪು. ಹಸಿರು ಮಾಡದಿದ್ದರೆ ಮನೆಗೆ ಕಳಿಸುತ್ತೇನೆಂದು ಸಾಹೇಬ ಡ್ರೈವರನ ಮೇಲೆ ಹಾರಾಡಿದ. ಡ್ರೈವರ್ ಗಾಡಿ ಅಕ್ಕನ ಮೈದುನ. ಮಾರನೆಯ ಬೆಳಿಗ್ಗೆ ಡಬ್ಬಿ ಕಿತ್ತುಕೊಂಡು ಅವಳ ಮುಂದೆ ನಿಂತ.

"ಅತ್ತಿಗೆ, ಇದನ್ನ ನಿಮ್ಮ ಗಾಡಿಗೆ ಕಟ್ಕೊಳ್ಳಿ. ನೀವು ಹೇಗೂ ಓಣಿ ಸುತ್ತುತೀರಲ್ಲ."

"ಕಟ್ಟು. ಕಸದ ಜೊತೆ ಇದೂ ಒಂದು," ಎಂದಳು ಅವಳು.

ಅಂದಿನಿಂದ ಲಾರಿ ಓಣಿಯ ಬಾಯಲ್ಲಿ ಮದುವೆ ಗಂಡಿನ ಹಾಗೆ ನಿಂತಿರುತ್ತಿತ್ತು, ಕಸ ಎಂದಿನಂತೆ ಗಾಡಿಯಲ್ಲಿ ಬರುತ್ತಿತ್ತು, ಪರದೆ ಹಸಿರೋ ಹಸಿರು. ಲಾರಿ ನಡೆದುಹೋಗುವ ಹೆಂಗಸಿನ ವೇಗದಲ್ಲಿ ಯಾಕೆ ಚಲಿಸುತ್ತದೆ, ಒಂದೊಂದು ಬಾಗಿಲ ಮುಂದೆ ಯಾಕೆ ನಿಲ್ಲುತ್ತದೆ ಎಂದು ಆಫೀಸಿನಲ್ಲಿ ಒಬ್ಬನೂ ಕೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ನಿಜ, ಆದರೆ ಇವರು ಅಂಗೈಯನ್ನೇ ನೋಡಿದವರಲ್ಲ.

ತಿಂಗಳು ಕಳೆಯಿತು. ಸಾಹೇಬ ಗಾಡಿ ಅಕ್ಕನನ್ನು ಕರೆಸಿ ಕಾಗದವೊಂದನ್ನು ಚಾಚಿದ.

"ನೋಡಮ್ಮ, ಲಾರಿನೇ ಮನೆ ಬಾಗಿಲಿಗೆ ಹೋಗ್ತಿದೆ. ಇನ್ನು ನಿನ್ನ ಗಾಡಿ ಯಾಕೆ? ಗುರುವಾರ ಗುಜರಿ ಯಾರ್ಡಿಗೆ ಕೊಟ್ಟು ಮನೇಲಿ ಆರಾಮಾಗಿರು."

ಅವಳಿಗೆ ಸಿಟ್ಟು ಬಂದದ್ದು ಸಾಹೇಬನ ಮೇಲಲ್ಲ, ತನ್ನ ಮೇಲೆ. ತನ್ನ ಕೆಲಸದ ಕುತ್ತಿಗೆಗೆ ತಾನೇ ಹಗ್ಗ ಕಟ್ಟಿದ್ದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ. ಇಲ್ಲಿ ಹೊಳೆಯನ್ನೇ ದಾಟದೆ, ದಾಟಿದೆವೆಂದು ಪರದೆಯಲ್ಲಿ ನೋಡಿಕೊಂಡು ಅಂಬಿಗನನ್ನು ಅಟ್ಟುತ್ತಿದ್ದರು.

ಆ ಗುರುವಾರವೇ ರಾಜಧಾನಿಯ ತಂಡವೊಂದು ಮಾದರಿ ಲಾರಿಯನ್ನು ನೋಡಲು ಬರುವುದಿತ್ತು. ಮೈದುನ ಬೆಳಿಗ್ಗೆಯೇ ಓಡಿಬಂದ.

"ಅತ್ತಿಗೆ, ಡಬ್ಬಿ ಬಿಚ್ಚಿಕೊಡಿ. ಇಲ್ಲಾಂದ್ರೆ ನನ್ನ ಕೆಲಸ ಹೋಗುತ್ತೆ."

"ಹೋಗಲ್ಲ ಕಣೋ. ನಿನ್ನ ಕಳಿಸಿದರೆ ಯಾಕೆ ಕಳಿಸಿದೆ ಅಂತ ಸಾಹೇಬನೇ ಹೇಳಬೇಕಾಗುತ್ತೆ. ಅವನ ಬಾಯಿಂದ ಅದು ಬರುತ್ತಾ? ಗಾಡಿನ ಗುಜರಿಗೆ ಹಾಕು ಅಂತ ಕಾಗದ ಕೊಟ್ಟಿದಾನೆ. ಡಬ್ಬಿ ಬಿಚ್ಚು ಅಂತ ಅದರಲ್ಲಿ ಬರೆದಿಲ್ಲ."

ಎಡಗೈ ಎತ್ತಿ ಹಿಡಿದು ಅವಳು ಹೊರಟಳು.

ಆಫೀಸಿನಲ್ಲಿ ಅತಿಥಿಗಳು ಪರದೆಯ ಮುಂದೆ ಕೂತಿದ್ದರು. ಅಂಗಳದಲ್ಲಿ ಲಾರಿಗೆ ರಿಬ್ಬನ್ ಸುತ್ತಿ ನಿಲ್ಲಿಸಿದ್ದರು. ಮೈದುನ ಸ್ಟೇರಿಂಗ್ ಹಿಡಿದು ಬೆವರುತ್ತಿದ್ದ. ಪರದೆಯಲ್ಲಿ 'ಲಾರಿ ಒಂದು' ಎಂಬ ಚುಕ್ಕೆ ಓಣಿಗಳನ್ನು ಬಿಟ್ಟು, ಮಾರ್ಕೆಟ್ ದಾಟಿ, ಸೀದಾ ಗುಜರಿ ಯಾರ್ಡಿನೊಳಗೆ ಹೋಗಿ, ಕಬ್ಬಿಣ ಅಪ್ಪಚ್ಚಿ ಮಾಡುವ ಯಂತ್ರದ ಮುಂದೆ ನಿಂತಿತು.

ಅತಿಥಿಗಳಲ್ಲಿ ಹಿರಿಯಳೊಬ್ಬಳು ಕನ್ನಡಕ ಸರಿಮಾಡಿಕೊಂಡಳು. "ತಿಂಗಳಿಗೇ ಗುಜರಿಗೆ ಹಾಕಿಬಿಟ್ರಾ?" ಎಂದು ಕೇಳಿ, ಕಿಟಕಿಯಿಂದ ಅಂಗಳದ ಲಾರಿಯನ್ನು ನೋಡಿ, ಮತ್ತೆ ಪರದೆ ನೋಡಿದಳು.

ಮಾದರಿ ಸಾಹೇಬ 'ಒಂದು ನಿಮಿಷ' ಎಂದು ಎದ್ದವನು ಅಂಗಳಕ್ಕೆ ಧಾವಿಸಿದ. ಮೈದುನನ ಬಾಯಿಂದ ಎರಡೇ ಮಾತಿನಲ್ಲಿ ಎಲ್ಲ ಹೊರಬಿತ್ತು. ಸಾಹೇಬ ಜೀಪು ಹತ್ತಿ ಯಾರ್ಡಿಗೆ ಬಂದಾಗ ಗಾಡಿ ಅಕ್ಕ ಗಾಡಿಯ ಮೇಲೇ ಕೂತಿದ್ದಳು.

"ಏಳಿ, ಬೇಗ ವಾಪಸ್ ತಗೊಂಡು ಹೋಗಿ," ಎಂದ. 'ನೀನು' ಅಂತಿದ್ದವನು 'ನೀವು' ಎನ್ನತೊಡಗಿದ್ದ.

"ಗುಜರಿಗೆ ಕಾಗದ ಕೊಟ್ಟಿದ್ರಿ. ಬಿಡಿಸೋಕೂ ಕಾಗದ ಕೊಡಿ."

ಸಾಹೇಬ ಅದೇ ಕಾಗದದ ಬೆನ್ನಿಗೆ ಬರೆಯಹೊರಟ. ಪೆನ್ನು ನಿಂತಿತು. ತಳ್ಳುಗಾಡಿ ಒಂದೂ ಉಳಿದಿಲ್ಲವೆಂದು ಅತಿಥಿಗಳಿಗೆ ಅವನೇ ಆಗಷ್ಟೇ ಹೇಳಿ ಬಂದಿದ್ದ. ಕೊನೆಗೆ, 'ಲಾರಿ ಒಂದು' ಎಂಬುದನ್ನೂ ಅದರ ಕೆಲಸಗಾರ್ತಿಯನ್ನೂ ಖಾಯಮ್ಮಾಗಿ ಮುಂದುವರಿಸಬೇಕು ಎಂದು ಬರೆದು ಸಹಿ ಹಾಕಿದ. ಅವಳು ಅದನ್ನು ಜೋರಾಗಿ ಓದಿಸಿ, ಮಡಿಸಿ, ರವಿಕೆಯೊಳಗೆ ಇಟ್ಟುಕೊಂಡಳು.

ಆದರೆ ಯಾರ್ಡಿನ ಕಾವಲುಗಾರ ಗೇಟು ತೆಗೆಯಲಿಲ್ಲ. ಒಳಗೆ ಬಂದ ಸಾಮಾನನ್ನು ಕಾಗದಕ್ಕೆ ಸಹಿ ಹಾಕಿದವರೇ ಹೊರಗೆ ಒಯ್ಯಬೇಕು, ಬೇರೆಯವರ ಕೈಗೆ ಕೊಡುವಂತಿಲ್ಲ. ಈ ನಿಯಮ ಮಾಡಿದ್ದು ಮಾದರಿ ಸಾಹೇಬನೇ, ಕಳ್ಳತನ ತಡೆಯಲು.

ಆಫೀಸಿನಿಂದ ಫೋನು ಬಡಿದುಕೊಳ್ಳುತ್ತಲೇ ಇತ್ತು. ಸಾಹೇಬ ಮೂಗು ಮುಚ್ಚಿಕೊಳ್ಳಲು ಕೈ ಎತ್ತಿದ, ಎರಡೂ ಕೈ ಬೇಕೆಂದು ಇಳಿಸಿದ, ಗಾಡಿಯ ಹಿಡಿಕೆ ಹಿಡಿದ. ನಾಲ್ಕು ಹೆಜ್ಜೆಗೇ ಗಾಡಿ ಎಡಕ್ಕೆ ತಿರುಗಿತು. ಅಲ್ಲಿ ಪರದೆಯ ಮುಂದೆ ಕೂತವರಿಗೆ ಇಡೀ ದೇಶಕ್ಕೇ ಮಾದರಿಯಾದ ಲಾರಿ ಕುಡಿದವನ ಹಾಗೆ ಓಲಾಡುತ್ತ ಬರುವುದು ಕಾಣುತ್ತಿತ್ತು.

ಗಾಡಿ ಅಕ್ಕ ಕೈ ಬೀಸಿಕೊಂಡು ಪಕ್ಕದಲ್ಲಿ ನಡೆದಳು.

"ಎಡಗೈ ಸ್ವಲ್ಪ ಎತ್ತಿ ಹಿಡೀರಿ ಸಾಹೇಬ್ರೆ," ಎಂದಳು. "ಇಲ್ಲದಿದ್ರೆ ಲಾರಿ ಮೋರಿಗೆ ಹೋಗುತ್ತೆ."