ನಲವತ್ತೊಂದನೇ ಬೆಸುಗೆ

"ನಿಲ್ಲಿ, ನಿಲ್ಲಿ, ಗೋಡೆಗೆ ತಾಗ್ತಿದೆ!" ಎಂದು ಅಳಿಯ ಕೂಗಿದ.

ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಿತು. ಹೊತ್ತವರು ನಾಲ್ವರೇ: ಅಳಿಯ, ಎದುರುಮನೆಯವರು, ವ್ಯಾನಿನ ಚಾಲಕ, ಕಚೇರಿಯಿಂದ ಬಂದಿದ್ದ ಒಬ್ಬನೇ ಒಬ್ಬ ಗುಮಾಸ್ತ. ಹಿಂದೆ ನಿಂತಿದ್ದ ಮಗಳಿಗೆ ಅಳುವಿಗಿಂತ ಮೊದಲು ನಾಚಿಕೆಯಾಯಿತು. ಸರ್ಕಾರದ ಸುರಕ್ಷತಾ ಇಲಾಖೆಯಲ್ಲಿ ಮೂವತ್ತು ವರ್ಷ ಗ್ಯಾಸ್ ಪೈಪ್‌ಲೈನ್ ತಪಾಸಣೆ ಮಾಡಿದ ಅಪ್ಪನನ್ನು ಕೆಳಗಿಳಿಸಲು ಆರು ಜನ ಸಿಗಲಿಲ್ಲವಲ್ಲ!

ಸಿಗುವುದಾದರೂ ಹೇಗೆ? ಗುತ್ತಿಗೆದಾರರು ಅವರಿಗೆ ಇಟ್ಟ ಹೆಸರೇ 'ಆಗಲ್ಲ ಸಾಹೇಬ್ರು'. ಮೇಲಧಿಕಾರಿಗಳಿಗೂ ಅವರೆಂದರೆ ಅಷ್ಟಕ್ಕಷ್ಟೆ. ಮದುವೆಗೆ ಹೋದರೂ ಮೂಲೆಯಲ್ಲಿದ್ದ ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ಓದಿಯೇ ಊಟಕ್ಕೆ ಕೂರುತ್ತಿದ್ದ ಮನುಷ್ಯ.

ಕೆಳಗಿನಿಂದ ಯಾರೋ ಒಬ್ಬ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದ. ಐವತ್ತು ದಾಟಿದ ವಯಸ್ಸು, ಮುಂಗೈ ತುಂಬ ಸುಟ್ಟ ಚುಕ್ಕೆಗಳು. "ಬಿಡಿ ಅಣ್ಣ, ಈ ಮೂಲೆ ನನಗೆ ಕೊಡಿ," ಎಂದು ಹೆಗಲು ಕೊಟ್ಟ. ಪೆಟ್ಟಿಗೆ ತಿರುಗಿತು.

ಬೀದಿಗೆ ಬಂದ ಮೇಲೆ ಮಗಳು ಕೇಳಿದಳು, "ನೀವು ಯಾರು ಅಂತ ಗೊತ್ತಾಗ್ಲಿಲ್ಲ..."

"ವೆಲ್ಡರ್ ಅಮ್ಮ. ಸಾಹೇಬ್ರು ನನ್ನ ಕೆಲಸ ಕತ್ತರಿಸಿ ಬಿಸಾಕಿಸಿದ್ರು."

ಅವಳ ಮುಖ ಇನ್ನೂ ಸಣ್ಣದಾಯಿತು. "ಅಪ್ಪ ಹಾಗೇನೇ. ಬೇಜಾರು ಇಟ್ಕೋಬೇಡಿ."

"ಬೇಜಾರಾ? ವ್ಯಾನಲ್ಲಿ ಜಾಗ ಇದ್ರೆ ಹೇಳ್ತೀನಿ ಬನ್ನಿ."

*

ಹನ್ನೆರಡು ವರ್ಷದ ಹಿಂದೆ, ಮಳೆ ಬಿಟ್ಟ ಒಂದು ಬೆಳಿಗ್ಗೆ. ಒದ್ದೆ ಪೈಪನ್ನು ಬೆಸೆಯುವ ಮೊದಲು ಬೆಂಕಿ ಹಿಡಿದು ಕಾಯಿಸಬೇಕು. ಆದರೆ ಕಂಪನಿಯ ಮ್ಯಾನೇಜರ್ ತಲೆಯ ಮೇಲೆ ನಿಂತಿದ್ದ. ವೆಲ್ಡರ್ ಬಟ್ಟೆಯಲ್ಲಿ ಒರೆಸಿ ಬೆಸೆದುಬಿಟ್ಟ. ಬೆಸುಗೆಯ ಎಕ್ಸ್-ರೇ ಫಿಲಂನಲ್ಲಿ ಕೂದಲೆಳೆಯಷ್ಟು ಬಿರುಕಿನ ಗೆರೆ ಕಂಡಿತು.

"ಸಂಜೆಯೊಳಗೆ ಗುಂಡಿ ಮುಚ್ಬೇಕು ಸಾರ್, ಮೇಲಿಂದ ಫೋನ್ ಬಂದಿದೆ. ಮಣ್ಣೊಳಗೆ ಹೋಗೋದನ್ನ ಯಾರು ನೋಡ್ತಾರೆ?" ಎಂದ ಮ್ಯಾನೇಜರ್, ತಪಾಸಣೆಗೆ ಬಂದಿದ್ದ ಸಾಹೇಬರಿಗೆ.

"ನಾನು ನೋಡ್ಬಿಟ್ನಲ್ಲ. ಆಗಲ್ಲ, ಕತ್ತರಿಸಿ."

"ಸರಿ. ಇವನನ್ನ ಇವತ್ತೇ ಓಡಿಸ್ತೀನಿ, ಬೇರೆಯವನ ಕೈಲಿ ಮಾಡಿಸ್ತೀನಿ."

"ಅದೂ ಆಗಲ್ಲ. ಇವನೇ ಮಾಡ್ಲಿ. ತಪ್ಪು ಎಲ್ಲಾಯ್ತು ಅಂತ ಇವನ ಕೈಗೆ ಗೊತ್ತು."

ಅಷ್ಟರಲ್ಲಿ ಮತ್ತೆ ಹನಿಯತೊಡಗಿತು. ಸಾಹೇಬರು ಗುಂಡಿಗಿಳಿದು, ಪ್ಲಾಸ್ಟಿಕ್ ಹಾಳೆಯೊಂದನ್ನು ಎರಡೂ ಕೈಯಲ್ಲಿ ವೆಲ್ಡರನ ತಲೆಯ ಮೇಲೆ ಹಿಡಿದು ನಿಂತರು. ತಾವು ಮಾತ್ರ ತೊಪ್ಪೆಯಾದರು. ಆದರೂ ಬಾಯಿಗೆ ಬಿಡುವಿರಲಿಲ್ಲ: "ಕಾಯಿಸಪ್ಪ, ಇನ್ನೂ ಕಾಯಿಸು. ನಿಂಗೇನು ರೈಲು ತಪ್ಪುತ್ತಾ?"

*

"ಆವತ್ತು ಮನಸಲ್ಲೇ ಬಾಯಿಗೆ ಬಂದ ಹಾಗೆ ಬೈದೆ ಅಮ್ಮ," ಎಂದ ವೆಲ್ಡರ್, ವ್ಯಾನಿನ ಬೆಂಚಿನ ಮೇಲೆ ಕೈಕಟ್ಟಿ ಕೂತು. "ಆಮೇಲೆ ಕತ್ತರಿಸಿದ ತುಂಡನ್ನ ಪರೀಕ್ಷೆಗೆ ಬಗ್ಗಿಸಿದ್ರು. ಒಣ ಕಡ್ಡಿ ಥರ ಮುರೀತು. ಅದು ಮಣ್ಣೊಳಗೆ ಹೋಗಿದ್ರೆ? ಅವರಿಂದ ನನ್ನ ಅನ್ನ ಉಳೀತು, ನಿದ್ದೇನೂ ಉಳೀತು. ಒಂದಿನಾನೂ ಅವರಿಗೆ ಹೇಳ್ಲಿಲ್ಲ ನಾನು. ಅದಕ್ಕೇ ಓಡಿ ಬಂದೆ."

ಮನೆಯಲ್ಲಿ ಅಪ್ಪ ಇದನ್ನು ಹೇಳಿರಲೇ ಇಲ್ಲ. ಕೆಸರು ಬಟ್ಟೆಯಲ್ಲಿ ಬಂದು ಅಮ್ಮನಿಂದ ಬೈಸಿಕೊಂಡಿದ್ದಷ್ಟೇ ಮಗಳಿಗೆ ನೆನಪು. ಅವಳು ಈಗ ಅತ್ತಳು. ಅಪ್ಪನ ಬಗ್ಗೆ ಹೆಮ್ಮೆಯಾಗಿ ಅತ್ತಳು.

"ನೀವು ಬಂದ್ರಲ್ಲ ಅಣ್ಣ, ನನಗೆ ಅಷ್ಟೇ ಸಾಕು."

"ಇದೇ ಬೀದಿ ಅಮ್ಮ," ಎಂದು ವೆಲ್ಡರ್ ಹೊರಗೆ ಕೈ ತೋರಿಸಿದ. "ನಲವತ್ತೊಂದನೇ ಬೆಸುಗೆ, ಆವತ್ತು ಮತ್ತೆ ಮಾಡಿದ್ದು. ಅಗೋ, ಪೈಪಿನ ಗುರುತಿಗೆ ನೆಟ್ಟ ಆ ಹಳದಿ ಕಲ್ಲಿನ ಕೆಳಗೆ."

ಯಾರೂ ಹೇಳದಿದ್ದರೂ ಚಾಲಕ ವೇಗ ತಗ್ಗಿಸಿದ.

ಕಲ್ಲಿನ ಎದುರು ಮನೆಯ ಅಡುಗೆಕೋಣೆಯಲ್ಲಿ ಒಬ್ಬ ಹೆಂಗಸು ಸೌಟಿನಿಂದ ಸಾರನ್ನು ಅಂಗೈಗೆ ಸುರಿದುಕೊಂಡು ಉಪ್ಪು ನೋಡುತ್ತಿದ್ದಳು. ಹೆಣದ ವ್ಯಾನ್ ಕಂಡು, ಪಾಪ ಯಾರೋ ಏನೋ ಎಂದುಕೊಂಡಳು. ಗ್ಯಾಸ್ ಒಲೆಯ ಉರಿ ಸಣ್ಣಗೆ ಮಾಡಿ ಕಿಟಕಿಗೆ ಬಂದು, ವ್ಯಾನ್ ದಾಟುವ ತನಕ ಹಾಗೇ ನಿಂತಳು.