ದಾರಿಯಲ್ಲಿ ಕರಗದ ಆಲಿಕಲ್ಲು

ಆಲಿಕಲ್ಲು ಬಿದ್ದರೆ ಊರಿಗೆಲ್ಲ ನಷ್ಟ, ನನಗೊಬ್ಬನಿಗೆ ಸುಗ್ಗಿ. ಕಾರುಗಳ ಮೈಮೇಲೆ ಬಿದ್ದ ತಗ್ಗು ತೆಗೆದು ಸಪಾಟು ಮಾಡುವುದು ನನ್ನ ಕಸುಬು. ನನ್ನ ತಂಗಿಯೋ, ಹವಾಮಾನ ಕಚೇರಿಯಲ್ಲಿ ಕೂತು, ಕಲ್ಲು ಬೀಳುವ ಮೊದಲೇ ಜನರನ್ನು ಎಚ್ಚರಿಸಿ ಅಣ್ಣನ ಹೊಟ್ಟೆ ಮೇಲೆ ಹೊಡೆಯುವ ಲೆಕ್ಕ ಕಟ್ಟುತ್ತಿದ್ದಳು. ಅವರ ಕಂಪ್ಯೂಟರಿನ ಹಳೇ ಲೆಕ್ಕದಲ್ಲಿ ಆಲಿಕಲ್ಲು ಮೋಡದಿಂದ ಇಳಿಯುವ ದಾರಿಯಲ್ಲೇ ಕರಗಿ ನೀರಾಗುತ್ತಿತ್ತಂತೆ.

"ಕರಗಿದ್ರೆ ಈ ತಗ್ಗೆಲ್ಲಾ ಇರುವೆ ಒದ್ದಿದ್ದಾ?" ಎಂದವಳೇ ನನ್ನ ಗ್ಯಾರೇಜಿಗೆ ಬಂದ ಕಾರುಗಳ ಮೈಯೆಲ್ಲ ಅಳೆದು ಲೆಕ್ಕ ತಿದ್ದಿದಳು.

ತಿದ್ದಿದ ಲೆಕ್ಕ ಮೊದಲ ಸಲವೇ ಕೈಕೊಟ್ಟಿತು. ಕಲ್ಲು ಬರುತ್ತದೆಂದು ಮಾರ್ಕೆಟ್ ಮುಚ್ಚಿಸಿದಳು; ಬಂದದ್ದು ಬಿಸಿಲು. ಇನ್ನೊಮ್ಮೆ ತಪ್ಪಿದರೆ ಆ ಲೆಕ್ಕ ಕಸದಬುಟ್ಟಿಗೆ ಎಂದರು ಅವಳ ಕಚೇರಿಯ ಸಾಹೇಬರು.

ಅದಾದ ಕೆಲವೇ ದಿನಕ್ಕೆ ಒಂದು ಮಧ್ಯಾಹ್ನ ಅವಳ ಫೋನು.

"ಅಣ್ಣಾ, ನಿನ್ನ ಗ್ಯಾರೇಜಿನ ಎದುರಿನ ಮೈದಾನದಲ್ಲಿ ಮಕ್ಕಳಿದ್ದಾರಾ?"

"ಓಟದ ಪಂದ್ಯ ಕಣೇ. ಜೇನುಹುಳದ ಥರ ಮುತ್ತಿದ್ದಾರೆ."

"ನಿಂಬೆಹಣ್ಣಿನ ಗಾತ್ರದ ಕಲ್ಲು ಬರುತ್ತೆ. ಹಳೇ ಲೆಕ್ಕ ಬರೀ ಮಳೆ ಅಂತಿದೆ, ಸಾಹೇಬ್ರು ಅದನ್ನೇ ನಂಬಿದ್ದಾರೆ. ಮಕ್ಕಳನ್ನ ಒಳಗೆ ಸೇರಿಸ್ಕೋ."

ಎದ್ದೆನೋ ಬಿದ್ದೆನೋ ಎಂದು ಓಡಿದೆ. ತಂಗಿ ಹೇಳಿದ್ದನ್ನು ಕೇಳಿ ಆಟದ ಮೇಷ್ಟ್ರು ಆಕಾಶ ನೋಡಿದರು. ಮೂಲೆಯಲ್ಲೊಂದು ಮೋಡ, ಅಷ್ಟೆ.

"ಮಾರ್ಕೆಟ್ ಮುಚ್ಚಿಸಿದ ಮಹಾತಾಯಿ ನಿಮ್ಮ ತಂಗೀನೇ ಅಲ್ವೇನ್ರೀ? ಫೈನಲ್ ಓಟ ಇದೆ, ದಾರಿ ಬಿಡ್ರಿ."

ಇವರ ಹತ್ತಿರ ವಾದ ಮಾಡುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ಮಕ್ಕಳ ಕಡೆ ತಿರುಗಿದೆ.

"ಲೇ ಮಕ್ಕಳಾ! ನನ್ನ ಗ್ಯಾರೇಜಲ್ಲಿ ಆನೆ ಕೂತು ಅಪ್ಪಚ್ಚಿಯಾದ ಕಾರಿದೆ! ಆನೆ ಇನ್ನೂ ಎದ್ದಿಲ್ಲ!"

ಕಣ್ಣು ಮಿಟುಕಿಸುವಷ್ಟರಲ್ಲಿ ಮೈದಾನ ಖಾಲಿ. ಸೀಟಿ ಊದುತ್ತಾ ಮೇಷ್ಟ್ರೂ ಹಿಂದೆಯೇ ಬಂದರು. ಎಲ್ಲರೂ ಒಳಗಾದ ಮೇಲೆ ಬಾಗಿಲಿಗೆ ಅಡ್ಡ ನಿಂತೆ.

"ಆನೆ ಎಲ್ಲಿ ಅಂಕಲ್?"

"ನೀರು ಕುಡಿಯೋಕೆ ಹೋಗಿದೆ, ಬರುತ್ತೆ."

"ಬುರುಡೆ ಅಂಕಲ್!"

ಹೊರಗೆ ಬಿಸಿಲು ಹಲ್ಲು ಕಿಸಿಯುತ್ತಿತ್ತು. ತಂಗಿ ಈ ಸಲವೂ ತಪ್ಪಿದರೆ?

"ಸರೀರಿ ಪಕ್ಕಕ್ಕೆ! ಪೊಲೀಸ್ರನ್ನ ಕರೀತೀನಿ," ಮೇಷ್ಟ್ರು ನನ್ನ ಭುಜ ಹಿಡಿದು ಎಳೆದರು. ಮಕ್ಕಳೂ ನುಗ್ಗತೊಡಗಿದರು.

"ಇನ್ನೊಂಚೂರು ಸಾರ್, ಕೈ ಮುಗೀತೀನಿ."

ಅಷ್ಟರಲ್ಲಿ ಬಿಸಿಲು ಹೋಯಿತು. ಕೊರೆಯುವ ಗಾಳಿ ನುಗ್ಗಿತು. ಸೂರಿನ ತಗಡಿನ ಮೇಲೆ ಠಣ್ ಎಂದು ಒಂದು ಕಲ್ಲು. ಮೇಷ್ಟ್ರು ನನ್ನ ಭುಜ ಬಿಟ್ಟರು. ಆಮೇಲೆ ಯಾರೋ ಮೇಲಿಂದ ಲಾರಿಗಟ್ಟಲೆ ಜಲ್ಲಿ ಸುರಿದ ಹಾಗೆ! ಓಟ ಶುರುವಾಗಬೇಕಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಹಪ್ಪಳದಂತೆ ಪುಡಿಯಾಗುತ್ತಿದ್ದವು.

ಮತ್ತೆ ಫೋನು. "ಅಣ್ಣಾ, ಮಕ್ಕಳು?"

"ಒಂದು ಕೂದಲೂ ಕೊಂಕಿಲ್ಲ. ಕಲ್ಲು ಮಾತ್ರ ಕುಂಬಳಕಾಯಿ ಗಾತ್ರ ಕಣೇ!"

ಅವಳು ಬಿಕ್ಕಿದಳು. ಆಮೇಲೆ ಮೂಗೊರೆಸಿಕೊಂಡು ಗದರಿದಳು: "ನಿನ್ನ ಬಾಯಳತೆ ಯಾರು ನಂಬ್ತಾರೆ? ಕರಗೋ ಮೊದ್ಲು ಒಂದನ್ನ ಎತ್ಕೊಂಡು ಬಂದು ಸ್ಕೇಲಿಟ್ಟು ಫೋಟೋ ಕಳಿಸು."

ಕಳಚಿಟ್ಟಿದ್ದ ಕಾರಿನ ಬಾಗಿಲೊಂದನ್ನು ತಲೆ ಮೇಲೆ ಹಿಡಿದು ಹೊರಟೆ. ಹಿಂದಕ್ಕೆ ವಾಲಿತು. ಮರುಕ್ಷಣವೇ ಹಗುರಾಯಿತು. ತಿರುಗಿದರೆ ಇನ್ನೊಂದು ತುದಿ ಮೇಷ್ಟ್ರ ಕೈಯಲ್ಲಿತ್ತು.

"ನಡೀರಿ," ಎಂದರು. "ದೊಡ್ಡದನ್ನೇ ಆರಿಸೋಣ."